ಕೈ ಎಸೆತಕ್ಕೂ ಮಾರ್ಟರಿಗೂ ನಡುವೆ

ಫ್ರೆಂಚ್ ಭಾಷೆಯಲ್ಲಿ ‘ಗ್ರೆನೇಡ್’ ಎಂದರೆ ದಾಳಿಂಬೆ. ದುಂಡಗಿನ ಹೊರಚಿಪ್ಪು, ಒಳಗೆ ಕಿಕ್ಕಿರಿದ ಕಾಳು. ಮದ್ದು ತುಂಬಿದ ಕೈಬಾಂಬನ್ನು ಕಂಡ ಯುರೋಪಿನ ಸೈನಿಕರಿಗೆ ಆ ಹಣ್ಣೇ ನೆನಪಾಯಿತು. ಹೆಸರೂ ಹಾಗೆಯೇ ಉಳಿಯಿತು.

ಈ ಆಯುಧದ ಮಿತಿ ಇದ್ದದ್ದು ಅದನ್ನು ಎಸೆಯುವ ತೋಳಿನಲ್ಲಿ. ಎಷ್ಟೇ ಗಟ್ಟಿಗನಾದರೂ 30–40 ಮೀಟರಿಗಿಂತ ದೂರ ಎಸೆಯುವುದು ಕಷ್ಟ. ಅದರಾಚೆಗೆ ಮಾರ್ಟರ್ ಇತ್ತು, ನಿಜ. ಆದರೆ ಅದನ್ನು ಹೊತ್ತು ತಂದು, ನೆಲಕ್ಕೆ ಊರಿ ಹಾರಿಸಲು ತಂಡವೇ ಬೇಕು. ತೀರ ಹತ್ತಿರದ ಗುರಿಗೆ ಅದು ಒಗ್ಗುವುದೂ ಇಲ್ಲ. ಕೈ ಎಸೆತಕ್ಕೂ ಮಾರ್ಟರಿಗೂ ನಡುವೆ ಉಳಿದ ಕೆಲವು ನೂರು ಮೀಟರುಗಳ ಅಂತರವನ್ನು ಒಬ್ಬನೇ ಸೈನಿಕ ತುಂಬುವುದು ಹೇಗೆ? ಇಂದಿನ ಗ್ರೆನೇಡ್ ಲಾಂಚರ್ ಈ ಪ್ರಶ್ನೆಗೆ ಸಿಕ್ಕ ಉತ್ತರ.

ಮೊದಲ ಮಹಾಯುದ್ಧದಲ್ಲಿ ಬಂದೂಕಿನ ನಳಿಗೆಯ ತುದಿಗೇ ಬಾಂಬ್ ಸಿಕ್ಕಿಸಿ, ಗುಂಡಿಲ್ಲದ ತೋಟಾ ಹಾರಿಸಿ ಚಿಮ್ಮಿಸುತ್ತಿದ್ದರು. ಬಾಂಬ್ ದೂರ ಹೋಗುತ್ತಿತ್ತು. ಆದರೆ ಬಂದೂಕು ಜೋರಾಗಿ ಹಿಂದಕ್ಕೆ ಒದೆಯುತ್ತಿತ್ತು, ಗುರಿಯೂ ನಿಖರವಾಗಿರಲಿಲ್ಲ. ಬಾಂಬ್ ಸಿಕ್ಕಿಸಿದಷ್ಟು ಹೊತ್ತು ಸೈನಿಕ ಗುಂಡು ಹಾರಿಸುವಂತೆಯೂ ಇರಲಿಲ್ಲ.

ತೊಡಕಿನ ಮೂಲ ಮದ್ದಿನ ಸ್ವಭಾವದಲ್ಲಿದೆ. ಮದ್ದು ಚೆನ್ನಾಗಿ ಉರಿಯಬೇಕಾದರೆ ಒತ್ತಡ ಹೆಚ್ಚಿರಬೇಕು. ಒತ್ತಡ ಹೆಚ್ಚಾದರೆ ದಪ್ಪನೆಯ, ಭಾರವಾದ ನಳಿಗೆ ಬೇಕು. ಅಂಥದ್ದನ್ನು ಒಬ್ಬ ಸೈನಿಕ ಹೆಗಲಿಗೇರಿಸುವುದು ಆಗದ ಮಾತು.

ಇದಕ್ಕೆ ದಾರಿ ತೋರಿಸಿದವರು ಎರಡನೇ ಮಹಾಯುದ್ಧದ ಕೊನೆಯ ದಿನಗಳ ಜರ್ಮನ್ ಎಂಜಿನಿಯರುಗಳು. ರೈನ್‌ಮೆಟಲ್ ಸಂಸ್ಥೆ ರೂಪಿಸಿದ ಹಗುರ ಟ್ಯಾಂಕ್ ವಿರೋಧಿ ತೋಪಿನಲ್ಲಿ ಮದ್ದು ಒಂದು ಗಟ್ಟಿ ಕೋಣೆಯಲ್ಲಿ ಉರಿಯುತ್ತಿತ್ತು. ಅಲ್ಲಿ ಹುಟ್ಟಿದ ಅನಿಲ ತೂತುಗಳ ಮೂಲಕ ಮುಂದಿನ ಜಾಗಕ್ಕೆ ನುಗ್ಗಿ, ಅಲ್ಲಿ ಹರಡಿ, ಒತ್ತಡ ಕಳೆದುಕೊಂಡು ಗುಂಡನ್ನು ತಳ್ಳುತ್ತಿತ್ತು. ಕುಕ್ಕರಿನ ಕಿಂಡಿಯಿಂದ ರಭಸವಾಗಿ ಹೊರಟ ಹಬೆ ಅಡುಗೆಮನೆಯಲ್ಲಿ ಹರಡಿದಾಗ ಬಿರುಸು ಕಳೆದುಕೊಳ್ಳುವ ಹಾಗೆ. ಹೀಗಾಗಿ ನಳಿಗೆ ತೆಳುವಾಗಿದ್ದರೂ ಸಾಕಾಯಿತು.

1950ರ ದಶಕದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರ ಇದೇ ತತ್ತ್ವವನ್ನು 40 ಮಿ.ಮೀ. ವ್ಯಾಸದ ಪುಟ್ಟ ತೋಟಾದೊಳಗೆ ಅಡಗಿಸಿತು. ಯೋಜನೆಯ ಹೆಸರು ‘ನಿಬ್ಲಿಕ್’. ಚೆಂಡನ್ನು ಮೇಲಕ್ಕೆತ್ತಿ ಹೊಡೆಯುವ ಒಂದು ಬಗೆಯ ಗಾಲ್ಫ್ ಕೋಲಿನ ಹೆಸರದು. ಗ್ರೆನೇಡ್ ಕೂಡ ಹಾಗೆಯೇ ಕಮಾನಿನಂತೆ ಏರಿ ಇಳಿಯಬೇಕಿತ್ತು. 1961ರಲ್ಲಿ ಸೈನಿಕರ ಕೈ ಸೇರತೊಡಗಿದ ‘ಎಂ-79’ ನೋಡಲು ಬೇಟೆಗಾರರ ಒಂಟಿ ನಳಿಗೆಯ ಕೋವಿಯಂತೆಯೇ ಇತ್ತು. ನಡುವೆ ಮಡಚಿ, ಒಂದು ತೋಟಾ ತುಂಬಿ, ಮುಚ್ಚಿ ಹಾರಿಸಬೇಕು. ತೂಕ 2.7 ಕೆ.ಜಿ., ಗರಿಷ್ಠ ದೂರ 400 ಮೀಟರ್. ಗ್ರೆನೇಡಿನ ವೇಗ ಸೆಕೆಂಡಿಗೆ ಕೇವಲ 76 ಮೀಟರ್. ಬಂದೂಕಿನ ಗುಂಡಿಗೆ ಹೋಲಿಸಿದರೆ ಇದು ಆಮೆ ನಡಿಗೆ.

ಹಾರಿಸಿದವನೇ ಬಲಿಯಾಗಬಾರದು ಎಂಬ ಎಚ್ಚರವೂ ವಿನ್ಯಾಸದಲ್ಲಿತ್ತು. ಗ್ರೆನೇಡ್ ಗಿರಗಿರನೆ ತಿರುಗುತ್ತ ಸುಮಾರು 14 ಮೀಟರ್ ಸಾಗಿದ ನಂತರವಷ್ಟೇ ಅದರ ಸಿಡಿಕೀಲು ಸಜ್ಜಾಗುತ್ತಿತ್ತು. ಆದರೆ ವಿಯೆಟ್ನಾಂ ಕಾಡಿನಲ್ಲಿ ಶತ್ರು ಅದಕ್ಕಿಂತ ಹತ್ತಿರದಲ್ಲೇ ಎದುರಾಗುತ್ತಿದ್ದ. ಅದಕ್ಕಾಗಿ ಚರೆ ತುಂಬಿದ ಬೇರೆ ತೋಟಾ ತಯಾರಿಸಬೇಕಾಯಿತು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಎಂ-79 ಹಿಡಿದವನ ಕೈಯಲ್ಲಿ ಬಂದೂಕು ಇರುತ್ತಿರಲಿಲ್ಲ. ಆತ್ಮರಕ್ಷಣೆಗೆ ಸೊಂಟದ ಪಿಸ್ತೂಲೇ ಗತಿ. ಹಾಗಾದರೆ ಲಾಂಚರನ್ನು ಬಂದೂಕಿನ ಕೆಳಗೇ ಜೋಡಿಸಿದರೆ? ಕೋಲ್ಟ್ ಕಂಪನಿಯ ಮೊದಲ ಪ್ರಯತ್ನ ಯುದ್ಧಭೂಮಿಯಲ್ಲಿ ವಿಫಲವಾಯಿತು. 1969ರಲ್ಲಿ ಪರೀಕ್ಷೆಗಿಳಿದ ‘ಎಂ-203’ ಯಶಸ್ವಿಯಾಯಿತು. ಸುಮಾರು 1.4 ಕೆ.ಜಿ.ಯ ಈ ಲಾಂಚರ್ ಎಂ-16 ಬಂದೂಕಿನ ನಳಿಗೆಯ ಕೆಳಗೆ ಕುಳಿತಿತು. ಒಬ್ಬನೇ ಸೈನಿಕ ಗುಂಡನ್ನೂ ಹಾರಿಸಬಲ್ಲ, ಗ್ರೆನೇಡನ್ನೂ ಹಾರಿಸಬಲ್ಲವನಾದ.

ಸೋವಿಯತ್ ಒಕ್ಕೂಟ ಬೇರೆ ದಾರಿ ಹಿಡಿಯಿತು. 1978ರ ‘ಜಿಪಿ-25’ರಲ್ಲಿ ಗ್ರೆನೇಡನ್ನು ನಳಿಗೆಯ ಬಾಯಿಂದಲೇ ಒಳಗೆ ತಳ್ಳಬೇಕು. ಮದ್ದು ಗ್ರೆನೇಡಿನ ಬುಡದಲ್ಲೇ ಇರುವುದರಿಂದ ಹಾರಿಸಿದ ಮೇಲೆ ಖಾಲಿ ಕೋಶ ಹೊರತೆಗೆಯುವ ಕೆಲಸವೇ ಇಲ್ಲ. ಭಾರತದಲ್ಲಿ ಡಿಆರ್‌ಡಿಒದ ಪುಣೆಯ ಪ್ರಯೋಗಾಲಯ ಇನ್ಸಾಸ್ ಮತ್ತು ಎಕೆ ಮಾದರಿಯ ಬಂದೂಕುಗಳಿಗೆ ಹೊಂದುವ 40 ಮಿ.ಮೀ. ಲಾಂಚರ್ ರೂಪಿಸಿತು. ಅದು ತಯಾರಾದದ್ದು ತಿರುಚಿರಾಪಳ್ಳಿಯ ಕಾರ್ಖಾನೆಯಲ್ಲಿ.

ಹೀಗೆ ಆ ಕೆಲವು ನೂರು ಮೀಟರುಗಳ ಅಂತರ ತುಂಬಿತು. ಆದರೆ ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ಹಾರಿಸಿದ ಗ್ರೆನೇಡುಗಳೆಲ್ಲ ಸಿಡಿಯುವುದಿಲ್ಲ. ಮೆತ್ತನೆಯ ಕೆಸರಿಗೆ ಬಿದ್ದದ್ದು, ಕೀಲು ಕೈಕೊಟ್ಟದ್ದು ಹಾಗೆಯೇ ಮಣ್ಣು ಸೇರುತ್ತದೆ. ಹಾರಿಸಿದವನನ್ನು ಕಾಯುವ ಆ 14 ಮೀಟರಿನ ರಕ್ಷಣೆ ಆಗಲೇ ಕಳಚಿರುವುದರಿಂದ ಮುಂದೆ ಅದನ್ನು ಮುಟ್ಟುವವರಿಗೆ ಯಾವ ರಕ್ಷಣೆಯೂ ಇಲ್ಲ.

ಯುದ್ಧ 1975ರಲ್ಲೇ ಮುಗಿದರೂ ವಿಯೆಟ್ನಾಮಿನ ಕ್ವಾಂಗ್ ಟ್ರಿ ಪ್ರಾಂತ್ಯದ ಹೊಲಗಳಲ್ಲಿ ಎಂ-79ರ ಗ್ರೆನೇಡುಗಳು ಇಂದಿಗೂ ಸಿಗುತ್ತವೆ. ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟದಾದ, ದುಂಡು ತಲೆಯ ಈ ವಸ್ತುವನ್ನು ಕಂಡ ಮಕ್ಕಳು ಆಟದ ಸಾಮಾನೆಂದು ಎತ್ತಿಕೊಂಡದ್ದುಂಟು. ಗುದ್ದಲಿ ಹಿಡಿದ ರೈತ ಅಲ್ಲಿ ನೆಲ ಅಗೆಯುವಾಗ ಇಂದಿಗೂ ಅಳುಕಬೇಕಾಗಿದೆ.