ಫ್ರೀ ಕಾಮಿಕ್ಸ್‌ಗೆ ದುಡ್ಡು ಕೊಡೋದು ಯಾರು?

ಮೇ ತಿಂಗಳ ಮೊದಲ ಶನಿವಾರ ಬಂತೆಂದರೆ ಅಮೆರಿಕದ ಕಾಮಿಕ್ಸ್ ಅಂಗಡಿಗಳ ಮುಂದೆ ಕ್ಯೂ. ಒಬ್ಬರಿಗೆ ಇಷ್ಟೇ ಅಂತ ಅಂಗಡಿಯವರು ಲೆಕ್ಕ ಇಟ್ಟಿರೋದ್ರಿಂದ, ಬ್ಯಾಗ್ ನೇತು ಹಾಕ್ಕೊಂಡು ಒಂದು ಅಂಗಡಿ ಮುಗಿಸಿ ಇನ್ನೊಂದಕ್ಕೆ ಓಡೋರೂ ಇದ್ದಾರೆ. ಅವತ್ತು ಫ್ರೀ ಕಾಮಿಕ್ ಬುಕ್ ಡೇ.

ಇದರ ಹಿಂದೆ ಒಂದು ದೊಡ್ಡ ಹೊಡೆತದ ಕತೆ ಇದೆ. 1991ರಲ್ಲಿ 'ಎಕ್ಸ್-ಮೆನ್' ಮೊದಲ ಸಂಚಿಕೆಯನ್ನ ಅಂಗಡಿಗಳು 80 ಲಕ್ಷ ಪ್ರತಿ ತರಿಸಿದ್ದವು. ಮುಂದೆ ರೇಟು ಏರುತ್ತೆ ಅಂತ ಜನ ಒಂದಕ್ಕೆ ನಾಲ್ಕು ಕೊಂಡು ಎತ್ತಿಟ್ಟರು. ಎಲ್ಲರ ಮನೇಲೂ ಇರೋ ಪುಸ್ತಕಕ್ಕೆ ಯಾರು ಹೆಚ್ಚು ದುಡ್ಡು ಕೊಡ್ತಾರೆ ಹೇಳಿ? ವ್ಯಾಪಾರ ಕುಸಿಯಿತು. ಸಾವಿರಾರು ಅಂಗಡಿಗಳು ಬಾಗಿಲು ಹಾಕಿದವು. 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಉಳಿದುಕೊಂಡವರಲ್ಲಿ ಒಬ್ಬರು, ಕ್ಯಾಲಿಫೋರ್ನಿಯಾದ ಕಾನ್ಕಾರ್ಡ್‌ನಲ್ಲಿ 'ಫ್ಲೈಯಿಂಗ್ ಕಲರ್ಸ್' ಅಂಗಡಿ ಇಟ್ಟಿದ್ದ ಜೋ ಫೀಲ್ಡ್. ಹತ್ತಿರದ ಬಾಸ್ಕಿನ್-ರಾಬಿನ್ಸ್‌ನಲ್ಲಿ ಬಿಟ್ಟಿ ಐಸ್‌ಕ್ರೀಮ್‌ಗೆ ನಿಂತಿದ್ದ ಕ್ಯೂ ಅವರ ಕಣ್ಣಿಗೆ ಬಿತ್ತು. ನಾವ್ಯಾಕೆ ಹೀಗೆ ಮಾಡಬಾರದು ಅಂತ 2001ರಲ್ಲಿ ವ್ಯಾಪಾರಿಗಳ ಪತ್ರಿಕೆಯೊಂದರ ತಮ್ಮ ಅಂಕಣದಲ್ಲಿ ಬರೆದರು. 2002ರ ಮೇ 4ಕ್ಕೆ ಮೊದಲ ಹಂಚಿಕೆ. ಹಿಂದಿನ ದಿನವಷ್ಟೇ 'ಸ್ಪೈಡರ್-ಮ್ಯಾನ್' ಸಿನಿಮಾ ರಿಲೀಸ್ ಆಗಿತ್ತು. ಟೈಮಿಂಗ್ ಅಂದ್ರೆ ಇದಪ್ಪ!

ಆದರೆ ಬಿಟ್ಟಿ ಅನ್ನೋದು ನಮಗೆ ಮಾತ್ರ. ಅಂಗಡಿಯವರು ಪ್ರತಿ ಪುಸ್ತಕಕ್ಕೂ ಪ್ರಕಾಶಕರಿಗೆ ಒಂದಿಷ್ಟು ಸೆಂಟ್ಸ್ ಕೊಡಲೇಬೇಕು. ಬಂದವರು ಪಕ್ಕದ ರ‍್ಯಾಕ್‌ನಿಂದ ಒಂದಾದರೂ ಕೊಂಡಾರು ಅನ್ನೋ ಜೂಜು ಅದು. 2020ರ ಕೊರೊನಾದಲ್ಲಿ ಗುಂಪು ಸೇರಿಸೋ ಹಾಗಿರಲಿಲ್ಲ. ಆಗಲೂ ಬಿಡಲಿಲ್ಲ, ಜುಲೈಯಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಕೆಲವೇ ಪುಸ್ತಕದಂತೆ ಹಂಚಿದರು.