ಏಕಾದಶಿಯ ತಲೆನೋವು

ನಮ್ಮ ಬಂಧುಗಳಲ್ಲಿ ಹಿರಿಯರಾದವರಿಗೆ ನನ್ನ ತಾಯಿಯವರ ಏಕಾದಶಿಯ ತಲೆನೋವು ನೆನಪಿರಬಹುದು. ದಶಮಿಯ ಸಂಜೆ ಕುಡಿದ ಕಾಫಿಯೇ ಕೊನೆ. ಮರುದಿನ ತೀರ್ಥವೊಂದರ ಹೊರತು ಬೇರೇನನ್ನೂ ಅವರು ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಕಳೆಯುತ್ತಿದ್ದಂತೆ ಹಣೆಗೆ ಒದ್ದೆಬಟ್ಟೆ ಕಟ್ಟಿಕೊಂಡು ನಡುಮನೆಯ ಕತ್ತಲಲ್ಲಿ ಮಲಗಿಬಿಡುತ್ತಿದ್ದರು. "ಪಿತ್ತ ಕೆರಳಿದೆ" ಎನ್ನುತ್ತಿದ್ದರು ತಂದೆಯವರು. ದ್ವಾದಶಿಯ ಬೆಳಗ್ಗೆ ಪಾರಣೆ ಮುಗಿಸಿ ಒಂದು ಲೋಟ ಕಾಫಿ ಕುಡಿದರೆ ಮುಕ್ಕಾಲು ಗಂಟೆಯಲ್ಲಿ ನೋವು ಮಾಯವಾಗುತ್ತಿತ್ತು. ಅದನ್ನು ಪಾರಣೆಯ ಪುಣ್ಯವೆಂದೇ ನಾವೆಲ್ಲ ತಿಳಿದಿದ್ದೆವು. ಕಾಲೇಜು ಸೇರಿದ ಹೊಸತರಲ್ಲಿ ನಾನೊಮ್ಮೆ, "ಒಂದು ದಿನದ ಹಸಿವನ್ನು ತಡೆಯಲಾರದವರಿಗೆ ಉಪವಾಸವೇಕೆ?" ಎಂದು ಹಾಸ್ಯ ಮಾಡಿದ್ದೆ. ಅಮ್ಮ ಏನೂ ಹೇಳಲಿಲ್ಲ.

ಆ ಪ್ರಶ್ನೆಗೆ ಉತ್ತರ ದೊರೆತದ್ದು ನಾನು ನಿವೃತ್ತನಾದ ಮೇಲೆ. ರಾತ್ರಿ ನಿದ್ದೆ ಹತ್ತುವುದಿಲ್ಲವೆಂದು, ದಿನಕ್ಕೆ ಐದು ಲೋಟ ಕುಡಿಯುತ್ತಿದ್ದ ಕಾಫಿಯನ್ನು ಒಂದೇ ಏಟಿಗೆ ನಿಲ್ಲಿಸಿದೆ. ಮರುದಿನ ಮಧ್ಯಾಹ್ನಕ್ಕೆ ತಲೆ ಸಿಡಿಯತೊಡಗಿತು. ವೈದ್ಯರು ನಕ್ಕು, "ಇದು ಪಿತ್ತವಲ್ಲ ಮೇಷ್ಟ್ರೇ, ಕಾಫಿ ಬಿಟ್ಟದ್ದರ ಫಲ" ಎಂದರು. ಕೆಫೀನ್ ಎಂಬ ವಸ್ತು ಮೆದುಳಿನ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಅದು ಹಠಾತ್ತನೆ ಇಲ್ಲವಾದಾಗ ಆ ನಾಳಗಳು ಹಿಗ್ಗಿ ತಲೆನೋವು ಬರುತ್ತದೆ. ಕೊನೆಯ ಕಾಫಿ ಕುಡಿದ 12ರಿಂದ 24 ಗಂಟೆಗಳೊಳಗೆ ಇದು ಆರಂಭವಾಗುವುದು ಸಾಮಾನ್ಯ. ಅಮ್ಮನ ಏಕಾದಶಿಗೂ ಈ ಗಡಿಯಾರಕ್ಕೂ ಎಷ್ಟು ಸರಿಯಾಗಿ ಹೊಂದುತ್ತದೆ! ಹಸಿವು ಬಾಯಾರಿಕೆಗಳ ಪಾಲೂ ಇದ್ದಿರಬಹುದು. ಆದರೆ ನೋವನ್ನು ಓಡಿಸುತ್ತಿದ್ದುದು ಆ ಕಾಫಿಯೇ.

ನಾನು ಪಾಠ ಹೇಳಿದ್ದು ಚರಿತ್ರೆಯನ್ನಾದ್ದರಿಂದ, ಈ ಪಾನೀಯವನ್ನು ಬಿಡಲು ಅಥವಾ ಬಿಡಿಸಲು ಹಿಂದಿನವರು ಏನೇನು ಮಾಡಿದರೆಂದು ನೋಡುವ ಕುತೂಹಲ ಹುಟ್ಟಿತು.

ಮೊದಲ ಉಪಾಯ ನಿಷೇಧ. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ. ಕೈರೋದಲ್ಲಿದ್ದ ಸುಲ್ತಾನ ಅದನ್ನು ಒಪ್ಪದ್ದರಿಂದ ಆ ಆಜ್ಞೆ ಬಹುಕಾಲ ಬಾಳಲಿಲ್ಲ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಅರಬ್ ನಾಡಿನಿಂದ ಏಳು ಬೀಜಗಳನ್ನು ತಂದು ನಮ್ಮ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಿಮಗೆಲ್ಲ ತಿಳಿದದ್ದೇ. ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್, ದೇಶದ ಹಣ ಕಾಫಿಗಾಗಿ ಹೊರಗೆ ಹರಿಯುತ್ತಿದೆಯೆಂದು 1777ರಲ್ಲಿ ಪ್ರಜೆಗಳಿಗೆ ಬಿಯರನ್ನೇ ಕುಡಿಯಿರೆಂದು ಉಪದೇಶಿಸಿದ. 1781ರಲ್ಲಿ ಕಾಫಿ ಹುರಿಯುವುದನ್ನು ಸರ್ಕಾರದ ಹಕ್ಕಾಗಿಸಿ, ಕದ್ದು ಹುರಿಯುವವರನ್ನು ವಾಸನೆಯಿಂದ ಪತ್ತೆ ಹಚ್ಚಲು ಮಾಜಿ ಸೈನಿಕರನ್ನು ನೇಮಿಸಿದ. ಜನ ಕಾಫಿ ಬಿಡಲಿಲ್ಲ.

ಎರಡನೆಯದು ವಿಜ್ಞಾನದ ದಾರಿ. 1819ರಲ್ಲಿ ಜರ್ಮನಿಯ ಮಹಾಕವಿ ಗಯಟೆ, ರುಂಗೆ ಎಂಬ ತರುಣ ರಸಾಯನಶಾಸ್ತ್ರಜ್ಞನಿಗೆ ಕಾಫಿ ಬೀಜಗಳನ್ನು ಕೊಟ್ಟು ಪರೀಕ್ಷಿಸಲು ಹೇಳಿದ. ಕೆಫೀನ್ ಬೇರ್ಪಟ್ಟದ್ದು ಆ ಪರೀಕ್ಷೆಯಿಂದ. 1827ರಲ್ಲಿ ಚಹಾದಿಂದ ತೆಗೆದ ವಸ್ತುವಿಗೆ ಥೀನ್ ಎಂದು ಬೇರೆಯ ಹೆಸರಿಟ್ಟಿದ್ದರು. ಎರಡೂ ಒಂದೇ ಎಂದು 1838ರಲ್ಲಿ ಸಿದ್ಧವಾಯಿತು. ಮುಂದೆ ಬ್ರೆಮೆನ್ ನಗರದ ವರ್ತಕ ಲುಡ್ವಿಗ್ ರೋಸೆಲಿಯಸ್, ತನ್ನ ತಂದೆಯ ಸಾವಿಗೆ ಅತಿಯಾದ ಕಾಫಿಯೇ ಕಾರಣವೆಂದು ನಂಬಿ, ಬೀಜದಿಂದ ಕೆಫೀನ್ ತೆಗೆಯುವ ವಿಧಾನವನ್ನು ಕಂಡುಹಿಡಿದು 1906ರಲ್ಲಿ ಕಂಪನಿ ಕಟ್ಟಿದ. ಆಗ ಬಳಸಿದ ಬೆಂಜೀನ್ ಸ್ವತಃ ವಿಷವಾದ್ದರಿಂದ ನಂತರ ಅದನ್ನು ಕೈಬಿಟ್ಟರು.

ಮೂರನೆಯದು ಬಡತನ ಕಲಿಸಿದ ದಾರಿ. 1806ರಲ್ಲಿ ನೆಪೋಲಿಯನ್ ಯೂರೋಪಿನ ಬಂದರುಗಳನ್ನು ಬ್ರಿಟಿಷ್ ವ್ಯಾಪಾರಕ್ಕೆ ಮುಚ್ಚಿದಾಗ ಕಾಫಿ ದುರ್ಲಭವಾಯಿತು. ಜನ ಚಿಕೋರಿ ಗಿಡದ ಬೇರನ್ನು ಹುರಿದು ಪುಡಿ ಮಾಡಿ ಬೆರೆಸಿಕೊಂಡರು. ಚಿಕೋರಿಯಲ್ಲಿ ಬಣ್ಣವಿದೆ, ಕಹಿಯಿದೆ, ಕೆಫೀನ್ ಮಾತ್ರ ಇಲ್ಲ. ನಮ್ಮ ಮನೆಯಲ್ಲಿ "ನಮ್ಮದು ಚಿಕೋರಿ ಇಲ್ಲದ ಅಪ್ಪಟ ಪುಡಿ" ಎಂಬುದೊಂದು ಹೆಮ್ಮೆಯಿತ್ತು. ಆ ಹೆಮ್ಮೆಯ ಬೆಲೆಯನ್ನು ಅಮ್ಮ ಹದಿನೈದು ದಿನಕ್ಕೊಮ್ಮೆ ತೆರುತ್ತಿದ್ದರೆಂದು ಈಗ ತೋರುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ, 150 ಮಿ.ಲೀ. ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ., ದಿಢೀರ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿ.ಗ್ರಾಂ. ಕೆಫೀನ್ ಇರುತ್ತದೆ. ದಿನಕ್ಕೆ 300 ಮಿ.ಗ್ರಾಂ. ಮೀರಬಾರದೆಂಬುದು ಅದರ ಸಲಹೆ. 355 ಮಿ.ಲೀ. ಕೋಲಾ ಪಾನೀಯದಲ್ಲಿ ಸುಮಾರು 34 ಮಿ.ಗ್ರಾಂ. ಇರುತ್ತದೆ. ಮೊಮ್ಮಕ್ಕಳು ಇಷ್ಟಪಡುವ ಎನರ್ಜಿ ಡ್ರಿಂಕುಗಳಲ್ಲಿ ಲೀಟರಿಗೆ 300 ಮಿ.ಗ್ರಾಂ.ವರೆಗೆ ನಮ್ಮ ಕಾನೂನು ಅವಕಾಶ ಕೊಟ್ಟಿದೆ. ಅಂದರೆ 250 ಮಿ.ಲೀ. ಡಬ್ಬಿಯಲ್ಲಿ 75 ಮಿ.ಗ್ರಾಂ.ವರೆಗೂ ಇರಬಹುದು. ಅದು ಮಕ್ಕಳಿಗೆ ತಕ್ಕದ್ದಲ್ಲವೆಂದು ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ, ಓದುವವರು ಕಡಿಮೆ.

ಇಲ್ಲೊಂದು ಸ್ವಾರಸ್ಯವಿದೆ. ತೂಕಕ್ಕೆ ತೂಕವಿಟ್ಟರೆ ಒಣ ಚಹಾ ಸೊಪ್ಪಿನಲ್ಲಿ ಕಾಫಿ ಬೀಜಕ್ಕಿಂತ ಹೆಚ್ಚು ಕೆಫೀನ್ ಇದೆ. ಆದರೆ ಒಂದು ಲೋಟಕ್ಕೆ ಹಾಕುವ ಸೊಪ್ಪು ಎರಡು ಗ್ರಾಂ ಮಾತ್ರ, ಕಾಫಿ ಪುಡಿ ಅದರ ನಾಲ್ಕೈದರಷ್ಟು. ಹಾಗೆಯೇ ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಹಾಲು ಹೆಚ್ಚು ಹೊಯ್ದರೆ ಬಣ್ಣ ತಿಳಿಯಾಗುತ್ತದೆಯೇ ಹೊರತು, ಡಿಕಾಕ್ಷನ್ ಅಷ್ಟೇ ಇದ್ದರೆ ಕೆಫೀನ್ ಕಡಿಮೆಯಾಗುವುದಿಲ್ಲ. ಆದ್ದರಿಂದ ಪಾನೀಯದ ಹೆಸರನ್ನು ನೋಡಿ ಫಲವಿಲ್ಲ, ಅಳತೆಯನ್ನು ನೋಡಬೇಕು. ನನ್ನ ಐದು ಲೋಟಗಳು ಕನಿಷ್ಠ ಲೆಕ್ಕದಲ್ಲಿಯೂ 400 ಮಿ.ಗ್ರಾಂ. ಆಗುತ್ತಿದ್ದವು. ದೇಹಕ್ಕೆ ಸೇರಿದ ಕೆಫೀನಿನ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹತ್ತಕ್ಕೂ ಎಚ್ಚರವಾಗಿಯೇ ಇದ್ದರೆ ನಿದ್ದೆ ಬರುವುದೆಂತು?

ಎರಡನೆಯ ಸಲ ನಾನು ಬಿಡಲು ಹೋಗಲಿಲ್ಲ, ತಗ್ಗಿಸಲು ಹೊರಟೆ. ಮೊದಲ ವಾರ ಸಂಜೆಯ ಲೋಟದ ಬದಲು ಜೀರಿಗೆ ಕೊತ್ತಂಬರಿ ಕಷಾಯ. ಎರಡನೆಯ ವಾರ ಮಧ್ಯಾಹ್ನಕ್ಕೆ ಮಜ್ಜಿಗೆ. ಮೂರನೆಯ ವಾರದಲ್ಲಿ, ವಂಶದ ಹೆಮ್ಮೆಯನ್ನು ಬದಿಗಿಟ್ಟು, ಅರೇಬಿಕಾ ಪುಡಿಗೆ ನೂರಕ್ಕೆ ಮೂವತ್ತರಷ್ಟು ಚಿಕೋರಿ ಬೆರೆಸಿಸಿದೆ. ಸ್ನೇಹಿತರೊಡನೆ ಹೋಟೆಲಿಗೆ ಹೋದರೆ ಬೈ-ಟೂ. ಈ ಪದ್ಧತಿಯನ್ನು ಕಂಡುಹಿಡಿದ ಪುಣ್ಯಾತ್ಮರು ಕಾಸು ಉಳಿಸಲು ಹೊರಟು ನಿದ್ದೆಯನ್ನೂ ಉಳಿಸಿದರು. ಈಗ ಬೆಳಗ್ಗೆ ಒಂದು, ಹನ್ನೊಂದಕ್ಕೆ ಒಂದು ಚಿಕ್ಕ ಲೋಟ. ತಲೆನೋವು ಬರಲಿಲ್ಲ, ನಿದ್ದೆ ಬರುತ್ತಿದೆ.

ಈಗ ಹಲವರು ಅಜ್ಜ ಅಜ್ಜಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಉಪವಾಸವಿರುವವರು ಎರಡು ಮೂರು ದಿನ ಮುಂಚಿನಿಂದಲೇ ಕಾಫಿಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬನ್ನಿ. ಮನೆಯ ಹಿರಿಯರು ವ್ರತದ ದಿನ ತಲೆ ಹಿಡಿದುಕೊಂಡು ಕುಳಿತರೆ ಅವರ ಶ್ರದ್ಧೆಯನ್ನು ಹಾಸ್ಯ ಮಾಡಬೇಡಿ. ನನ್ನ ತಾಯಿಯವರು ಹಸಿವನ್ನು ತಡೆಯಲಾರದವರಾಗಿರಲಿಲ್ಲ. ಪ್ರತಿ ಏಕಾದಶಿಯೂ ಹಸಿವಿನ ಜೊತೆಗೆ, ಹೆಸರು ತಿಳಿಯದ ಇನ್ನೊಂದು ನೋವನ್ನೂ ತಡೆದುಕೊಂಡವರು ಅವರು. ಅದನ್ನು ಅವರಿಗೆ ಹೇಳುವ ಭಾಗ್ಯ ನನಗೆ ಉಳಿಯಲಿಲ್ಲ.