ಮಂಡಿನೋವಿದ್ದರೂ ತೂಕ ಇಳಿಸಬಹುದು, ಹೋಟೆಲ್ ತಿಂಡಿ ಬಿಡಬೇಕಿಲ್ಲ

ಮಂಡಿ ಸವೆತ ಇರುವವರಿಗೆ ವೈದ್ಯರು ಮೊದಲು ಹೇಳುವುದು ತೂಕ ಇಳಿಸಿ ಎಂದೇ. ತೂಕ 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು 4 ಕೆ.ಜಿ. ತಗ್ಗುತ್ತದೆ. ಆದರೆ ನಡೆಯಲೇ ಆಗದವರು ಏನು ಮಾಡಬೇಕು?

ತೂಕ ಇಳಿಕೆಯಲ್ಲಿ ನಡಿಗೆಗಿಂತ ತಟ್ಟೆಯ ಪಾಲೇ ದೊಡ್ಡದು. 70 ಕೆ.ಜಿ. ತೂಕದವರು 1 ಕಿ.ಮೀ. ನಡೆದರೆ ಕರಗುವುದು 50-60 ಕ್ಯಾಲರಿ. ಒಂದು ದೊಡ್ಡ ಚಮಚ ತುಪ್ಪದಲ್ಲೇ ಅದರ ಎರಡು ಪಟ್ಟು ಇರುತ್ತದೆ.

ಹಾಗೆಂದು ಗೆಳೆಯರ ಜೊತೆ ಮಾಟುಂಗಾದ ಉಡುಪಿ ಹೋಟೆಲಿಗೆ ಹೋಗುವುದನ್ನು ನಿಲ್ಲಿಸಬೇಕಿಲ್ಲ. ಓಡಾಟ ಕಡಿಮೆಯಾದವರಿಗೆ ಮನೆಯಿಂದ ಹೊರಬೀಳಲು ಎಷ್ಟೋ ಸಲ ಅದೊಂದೇ ನೆಪ. ಇಡ್ಲಿ ಹಬೆಯಲ್ಲಿ ಬೇಯುತ್ತದೆ, ಉದ್ದಿನವಡೆ ಎಣ್ಣೆ ಕುಡಿಯುತ್ತದೆ. ಮಸಾಲೆ ದೋಸೆಯೇ ಬೇಕೆಂದರೆ ಬೆಣ್ಣೆ ಬೇಡವೆನ್ನಿ, ಇಬ್ಬರು ಹಂಚಿಕೊಳ್ಳಿ. ಸಾಂಬಾರ್ ಇನ್ನೊಂದು ಬಟ್ಟಲು ಕೇಳಿ, ತೆಂಗಿನ ಚಟ್ನಿ ಮಿತವಾಗಿರಲಿ. ಕಾಫಿಗೆ ಸಕ್ಕರೆ ಬೇಡವೆಂದು ಮೊದಲೇ ಹೇಳಬೇಕು, ಬೆರೆಸಿ ತಂದ ಮೇಲೆ ಹೇಳಿ ಪ್ರಯೋಜನವಿಲ್ಲ.

ಸಂಜೆ ಹೋಟೆಲ್ ಇದೆಯೆಂದು ಮಧ್ಯಾಹ್ನ ಉಪವಾಸ ಕೂರುವುದು ತಪ್ಪು ಲೆಕ್ಕ. ಹಸಿದವರು ಆರ್ಡರ್ ಮಾಡುವುದೇ ಹೆಚ್ಚು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳಿಗಂತೂ ಅದು ಅಪಾಯ.

ಕುರ್ಚಿಯಲ್ಲಿ ಕುಳಿತೇ ಒಂದೊಂದು ಕಾಲನ್ನು ನೇರ ಚಾಚಿ 5 ಸೆಕೆಂಡ್ ಹಿಡಿಯುವ ವ್ಯಾಯಾಮದಿಂದ ತೂಕ ಅಷ್ಟೇನೂ ಇಳಿಯದು. ಆದರೆ ಮಂಡಿಗೆ ಆಧಾರವಾಗಿರುವ ತೊಡೆಯ ಸ್ನಾಯು ಗಟ್ಟಿಯಾಗುತ್ತದೆ.